ಸೌಟು ಮಗುವಿನ ಕೈಗೆ ಕೊಡಿ

ಮಗಳಿಗೆ ಆಗ ಎಂಟು ವರ್ಷ. ಒಂದು ಭಾನುವಾರ ಇಬ್ಬರೂ ಸೇರಿ ಟೊಮೆಟೊ ಸೂಪ್ ಮಾಡಿದೆವು. ಟೊಮೆಟೊ ತೊಳೆದದ್ದು ಅವಳು, ಹೆಚ್ಚಿದ್ದು ನಾನು. ಉಪ್ಪಿನ ಡಬ್ಬಿ ತಂದುಕೊಟ್ಟದ್ದು ಅವಳು, ಉಪ್ಪು ಹಾಕಿದ್ದು ನಾನು. ಸೌಟನ್ನು ಎರಡು ಸುತ್ತು ತಿರುಗಿಸಿದಳು, ಮೂರನೇ ಸುತ್ತಿಗೆ ನಾನೇ ಕಸಿದುಕೊಂಡೆ. ಊಟಕ್ಕೆ ಕೂತಾಗ ಅವಳ ಅಪ್ಪ "ಸೂಪ್ ಯಾರು ಮಾಡಿದ್ದು?" ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. "ಅಮ್ಮಾ, ಇದು ನಾನು ಮಾಡಿದ್ದಾ, ನೀನು ಮಾಡಿದ್ದಾ?"

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಡುಗೆ ಕಲಿಸುತ್ತಿದ್ದೇನೆ ಅಂದುಕೊಂಡು ಅವಳನ್ನು ಕೈಯಾಳು ಮಾಡಿಕೊಂಡಿದ್ದೆ. ತೊಳೆ, ತಂದುಕೊಡು, ಸ್ವಲ್ಪ ಸರಿದು ನಿಲ್ಲು. ಬಹಳ ಮನೆಗಳಲ್ಲಿ ನಡೆಯುವುದು ಇದೇ ಅಲ್ವಾ? ವರ್ಷಗಟ್ಟಲೆ "ಸಹಾಯ" ಮಾಡಿದ ಮಕ್ಕಳಿಗೂ ಒಂದು ಅಡುಗೆಯನ್ನು ಶುರುವಿನಿಂದ ಕೊನೆಯವರೆಗೆ ಮಾಡಲು ಬರುವುದಿಲ್ಲ. ಏಕೆಂದರೆ ಎಷ್ಟು ಉಪ್ಪು, ಯಾವಾಗ ಉರಿ ಸಣ್ಣ, ಬೆಂದಿದೆಯೋ ಇಲ್ಲವೋ ಎಂಬ ತೀರ್ಮಾನಗಳೆಲ್ಲ ನಮ್ಮ ಕೈಯಲ್ಲೇ ಉಳಿದಿರುತ್ತವೆ.

ಆ ದಿನದಿಂದ ನಾನು ದಾರಿ ಬದಲಿಸಿದೆ. ಮಗಳಿಗೂ, ಆಮೇಲೆ ಅವಳ ತಮ್ಮನಿಗೂ ಕಲಿಸುತ್ತಾ ನನಗೆ ಸರಿ ಕಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವಾಗ ಶುರು ಮಾಡಬೇಕು

ದಣಿದು ಮನೆಗೆ ಬಂದ ಸಂಜೆ, ಎಲ್ಲರೂ ಹಸಿದಿರುವಾಗ ಪಾಠ ಬೇಡ. ನೀವು ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಮಗುವಿಗೆ ಮುಕ್ಕಾಲು ಗಂಟೆ ಬೇಕಾಗುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ಹಸಿದ ಹೊಟ್ಟೆಗೆ ಇರುವುದಿಲ್ಲ. ರಜೆಯ ದಿನ, ಎಲ್ಲರ ಹೊಟ್ಟೆ ತುಂಬಿದ ಮೇಲೆ ಶುರು ಮಾಡಿ. ಆ ಹೊತ್ತಿನ ಊಟಕ್ಕೆ ಬೇರೆ ಏನಾದರೂ ಸಿದ್ಧ ಇರಲಿ. ಮಗುವಿನ ಅಡುಗೆ ಕೆಟ್ಟರೂ ಯಾರೂ ಉಪವಾಸ ಇರುವುದಿಲ್ಲ ಎಂದು ಗೊತ್ತಿದ್ದರೆ ನಿಮ್ಮ ಕೈ ಸುಮ್ನೆ ಇರುತ್ತದೆ.

ಕೂಡಲೇ ಎಲ್ಲ ಕೊಡಬೇಕೆಂದಿಲ್ಲ. ಎರಡು ಮೂರು ವರ್ಷದ ಮಗು ತರಕಾರಿ ತೊಳೆಯುತ್ತದೆ, ಸೊಪ್ಪು ಚಿವುಟುತ್ತದೆ, ಬಾಳೆಹಣ್ಣು ಕಿವುಚುತ್ತದೆ. ನಾಲ್ಕೈದಕ್ಕೆ ಅಳೆದು ಸುರಿಯುವುದು, ಕಲಸುವುದು, ಮೊಟ್ಟೆ ಒಡೆಯುವುದು. ಆರರಿಂದ ಎಂಟರೊಳಗೆ ಮೆತ್ತಗಿನ ಹಣ್ಣು ತರಕಾರಿ ಹೆಚ್ಚುವುದು, ಸಿಪ್ಪೆ ತೆಗೆಯುವುದು. ಒಂಬತ್ತು ಹತ್ತರ ಹೊತ್ತಿಗೆ ನೀವು ಪಕ್ಕದಲ್ಲಿ ನಿಂತರೆ ಒಲೆಯ ಮುಂದೆ ನಿಲ್ಲಬಹುದು. ಹನ್ನೆರಡು ದಾಟಿದ ಮೇಲೆ ಸಣ್ಣ ಅಡುಗೆಗಳನ್ನು ಒಬ್ಬರೇ ಮಾಡುವ ಮಕ್ಕಳು ಎಷ್ಟೋ ಜನ. ಇದು ಅಂದಾಜು ಮಾತ್ರ. ಹೇಳಿದ್ದನ್ನು ಕೇಳಿ ನಿಲ್ಲುವ ಏಳು ವರ್ಷದ ಮಗು, ಓಡಾಡುತ್ತಲೇ ಇರುವ ಹತ್ತು ವರ್ಷದ ಮಗುವಿಗಿಂತ ಮೊದಲು ಒಲೆಗೆ ಬರಬಹುದು. "ನಿಲ್ಲು" ಅಂದರೆ ತಕ್ಷಣ ನಿಲ್ಲುತ್ತದೆಯೋ ಇಲ್ಲವೋ, ನಾನು ನೋಡುವುದು ಅದನ್ನು.

ಇಷ್ಟು ಚಿಕ್ಕವರಿಗೆ ನಿಜವಾದ ಕೆಲಸ ಕೊಡಬಹುದೇ ಎಂದು ಅನುಮಾನ ಬಂದರೆ ಒಂದು ವಿಷಯ ನೆನಪಿಡಿ. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದಲ್ಲಿ "ಮಕ್ಕಳ ಮನೆ" ಎಂಬ ತಮ್ಮ ಮೊದಲ ಶಾಲೆ ತೆರೆದರು. ಬಡಿಸುವುದು, ಪಾತ್ರೆ ತೊಳೆಯುವುದು ಅಲ್ಲಿನ ಪಾಠದ ಭಾಗವೇ ಆಗಿದ್ದವು. ಅವರ ದಾರಿಯಲ್ಲಿ ನಡೆಯುವ ಶಾಲೆಗಳಲ್ಲಿ ಇಂದಿಗೂ ಮೂರು ವರ್ಷದ ಮಕ್ಕಳು ಹಣ್ಣು ಕತ್ತರಿಸುತ್ತಾರೆ.

ಒಂದೇ ಅಡುಗೆ, ಹಲವು ಸಲ

ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಈ ವಾರ ಒಂದು, ಮುಂದಿನ ವಾರ ಇನ್ನೊಂದು ಎಂದು ಹೊಸ ಹೊಸ ಅಡುಗೆ ತೋರಿಸುತ್ತಾ ಹೋಗುತ್ತಾರೆ. ಮಗುವಿಗೆ ಖುಷಿ ಆಗುತ್ತದೆ, ಆದರೆ ಕೈಗೆ ಏನೂ ಹತ್ತುವುದಿಲ್ಲ. ಒಂದೇ ಅಡುಗೆಯನ್ನು ಐದಾರು ವಾರ ಮಾಡಿಸಿ. ಮೊದಲ ಸಲ ನೀವು ಮಾಡಿ, ಮಗು ನೋಡಲಿ. ಎರಡನೇ ಸಲ ಮಗು ಮಾಡಲಿ, ನೀವು ಹೇಳುತ್ತಾ ಹೋಗಿ. ಮೂರನೇ ಸಲ ಮುಂದೇನು ಎಂದು ಮಗುವೇ ಹೇಳಿ ಮಾಡಲಿ. ನಾಲ್ಕನೇ ಸಲ ಮಗು ಕೇಳಿದ್ದಕ್ಕೆ ಮಾತ್ರ ನೀವು ಉತ್ತರ ಕೊಡಿ. ಆಮೇಲೆ ಅದು ಮಗುವಿನ ಅಡುಗೆ. ಮನೆಗೆ ಯಾರಾದರೂ ಬಂದಾಗ "ಇದು ಇವನ ಅಡುಗೆ" ಅಂತಲೇ ಹೇಳಿ.

ಯಾವ ಅಡುಗೆ? ಮಗುವಿಗೆ ತಿನ್ನಲು ಇಷ್ಟವಾದದ್ದು ಇರಲಿ. ಐದಕ್ಕಿಂತ ಹೆಚ್ಚು ಸಾಮಾನು ಬೇಡ. ಅರ್ಧ ಗಂಟೆಯೊಳಗೆ ಮುಗಿಯಬೇಕು. ತಪ್ಪಾದರೆ ಸರಿಪಡಿಸಲು ದಾರಿ ಇರಬೇಕು. ಅಳತೆ ಒಂದಿಷ್ಟು ಹೆಚ್ಚುಕಡಿಮೆ ಆದರೂ ಕೆಟ್ಟುಹೋಗುವ ಕೇಕ್‌ನಂಥವನ್ನು ಮೊದಲೇ ಹಿಡಿಯಬೇಡಿ. ಸೂಪ್‌ಗೆ ಉಪ್ಪು ಕಮ್ಮಿಯಾದರೆ ಮತ್ತೆ ಹಾಕಬಹುದು. ಬೆಂದ ಕೇಕಿಗೆ ಏನೂ ಮಾಡಲಾಗುವುದಿಲ್ಲ.

ಜಾಗ ಸಿದ್ಧ ಮಾಡುವುದು

ಅಡುಗೆ ಕಟ್ಟೆ ದೊಡ್ಡವರ ಎತ್ತರಕ್ಕೆ ಕಟ್ಟಿದ್ದು. ಮಗು ತುದಿಗಾಲಲ್ಲಿ ನಿಂತು, ಕೈ ಮೇಲೆತ್ತಿ ಚಾಕು ಹಿಡಿದರೆ ಅಪಾಯ. ಕಟ್ಟೆಯ ಅಂಚು ಮಗುವಿನ ಸೊಂಟದಿಂದ ಹೊಟ್ಟೆಯ ಮಟ್ಟಕ್ಕೆ ಬರುವ ಹಾಗೆ ಅಗಲವಾದ, ಅಲುಗಾಡದ ಸ್ಟೂಲ್ ಹಾಕಿ. ಅಂಥದ್ದು ಇಲ್ಲದಿದ್ದರೆ ಹೆಚ್ಚುವ ಕೆಲಸವನ್ನೆಲ್ಲ ಊಟದ ಮೇಜಿನ ಮೇಲೋ, ನೆಲದ ಮೇಲೋ ಮಾಡಿಸಿ. ಸ್ಟೂಲ್ ಮೇಲೆ ನಿಂತು ಒಲೆಯ ಕೆಲಸ ಮಾತ್ರ ಬೇಡ. ಜಾರಿದರೆ ಕೈ ಮೊದಲು ಹೋಗುವುದು ಬಿಸಿ ಪಾತ್ರೆಗೆ.

ಹೆಚ್ಚುವ ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಿಂಡಿ ಹಾಸಿ. ಹಲಗೆ ಜಾರುವುದಿಲ್ಲ. ಕೂದಲು ಕಟ್ಟಿ, ಉದ್ದ ತೋಳನ್ನು ಮೊಣಕೈವರೆಗೆ ಮಡಚಿ. ಸಾಬೂನು ಹಚ್ಚಿ 20 ಸೆಕೆಂಡ್ ಕೈ ತೊಳೆಯಲಿ. ಚಿಕ್ಕವರಿಗೆ ಸೆಕೆಂಡ್ ಎಣಿಸುವುದು ಬೇಜಾರು. ಇಷ್ಟದ ಹಾಡಿನ ಎರಡು ಸಾಲು ಹೇಳಿಕೊಳ್ಳಲು ಹೇಳಿದರೆ ಸಾಕು.

ಬೇಕಾದ ಸಾಮಾನೆಲ್ಲ ಮೊದಲೇ ಎದುರಿಗೆ ಇರಲಿ. ಎಣ್ಣೆ ಕಾಯುತ್ತಿರುವಾಗ ಮಗು ಉಪ್ಪಿನ ಡಬ್ಬಿ ಹುಡುಕುತ್ತಾ ಓಡಾಡಬಾರದು.

ಚಾಕು

ಮಗುವಿನ ಕೈಗೆ ಮೊಂಡು ಚಾಕು ಕೊಡುವವರು ಬಹಳ ಜನ. ಕಾಳಜಿಯಿಂದಲೇ ಕೊಡುತ್ತಾರೆ. ಆದರೆ ಮೊಂಡು ಚಾಕು ಟೊಮೆಟೊದ ಸಿಪ್ಪೆಗೆ ಇಳಿಯುವುದಿಲ್ಲ. ಮಗು ಬಲ ಹಾಕುತ್ತದೆ. ಬಲ ಹಾಕಿದಾಗ ಚಾಕು ಪಕ್ಕಕ್ಕೆ ಜಾರುತ್ತದೆ, ಅಲ್ಲೇ ಬೆರಳಿರುತ್ತದೆ. ತೀರಾ ಚಿಕ್ಕವರಿಗೆ ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆಯಂಥ ಮೆತ್ತಗಿನವನ್ನು ಊಟದ ಚಾಕುವಿನಲ್ಲಿ ಕೊಯ್ಯಲು ಕೊಡಿ. ಗಟ್ಟಿ ತರಕಾರಿಗೆ ಬಂದಾಗ ಮಗುವಿನ ಅಂಗೈಗೆ ಹೊಂದುವ ಸಣ್ಣ ಚಾಕು ಇರಲಿ, ಅದು ಹರಿತವಾಗಿರಲಿ.

ಎರಡು ಹಿಡಿತ ಕಲಿತರೆ ಸಾಕು. ಮೊದಲನೆಯದು ಸೇತುವೆ. ಎಡಗೈಯ ಹೆಬ್ಬೆರಳು ಒಂದು ಬದಿ, ಉಳಿದ ಬೆರಳು ಇನ್ನೊಂದು ಬದಿ ಹಿಡಿದು ಮಧ್ಯೆ ಕಮಾನು ಮಾಡುವುದು. ಚಾಕು ಆ ಕಮಾನಿನ ಕೆಳಗೆ ಹೋಗಿ ಕೊಯ್ಯುತ್ತದೆ. ದುಂಡಗಿರುವುದನ್ನು ಅರ್ಧ ಮಾಡಲು ಇದು. ಎರಡನೆಯದು ಬೆಕ್ಕಿನ ಪಂಜ. ಬೆರಳ ತುದಿಗಳನ್ನು ಒಳಕ್ಕೆ ಮಡಚಿ, ಗೆಣ್ಣು ಮುಂದೆ ಮಾಡಿ, ಹೆಬ್ಬೆರಳನ್ನು ಹಿಂದೆ ಅಡಗಿಸಿ ತರಕಾರಿ ಒತ್ತಿ ಹಿಡಿಯುವುದು. ಚಾಕುವಿನ ಬದಿ ಗೆಣ್ಣಿಗೆ ತಾಗುತ್ತಾ ಚಲಿಸುತ್ತದೆ, ತುದಿ ಬೆರಳು ಅದರ ದಾರಿಯಲ್ಲೇ ಇರುವುದಿಲ್ಲ. ಎಡಗೈ ಬಳಸುವ ಮಗುವಾದರೆ ಎಲ್ಲವೂ ಅದಲುಬದಲು. ಅದನ್ನು ಬಲಗೈಗೆ ಒಗ್ಗಿಸಲು ಹೋಗಬೇಡಿ.

ದುಂಡಗಿನ ವಸ್ತು ಉರುಳುತ್ತದೆ. ಆಲೂಗಡ್ಡೆ, ಈರುಳ್ಳಿ ಏನೇ ಆಗಲಿ, ಮೊದಲು ಅರ್ಧ ಮಾಡಿ ಚಪ್ಪಟೆ ಬದಿಯನ್ನು ಹಲಗೆಗೆ ಇಟ್ಟು ಆಮೇಲೆ ಹೆಚ್ಚಬೇಕು. ಈ ಒಂದು ಅಭ್ಯಾಸ ಬಂದರೆ ಎಷ್ಟೋ ಗಾಯ ತಪ್ಪುತ್ತವೆ. ಇನ್ನೆರಡು ಮಾತು: ಚಾಕು ಹಿಡಿದು ನಡೆಯುವಾಗ ತುದಿ ನೆಲದ ಕಡೆ ಇರಲಿ. ಕೈಜಾರಿ ಬೀಳುತ್ತಿದ್ದರೆ ಹಿಡಿಯಲು ಹೋಗದೆ ಹಿಂದಕ್ಕೆ ಸರಿಯಬೇಕು. ಕೊನೆಯದನ್ನು ಬಾಯಲ್ಲಿ ಹೇಳಿದರೆ ಸಾಲದು. ಮರದ ಸೌಟೊಂದನ್ನು ಬೀಳಿಸುತ್ತಾ ನಾಲ್ಕೈದು ಸಲ ಆಟದಂತೆ ಅಭ್ಯಾಸ ಮಾಡಿಸಿ. ಬೀಳುವುದನ್ನು ಹಿಡಿಯುವುದು ಕೈಗೆ ತಾನಾಗಿ ಬರುವ ಗುಣ, ಬಿಡಿಸಲು ಅಭ್ಯಾಸ ಬೇಕು.

ಈರುಳ್ಳಿ ಹೆಚ್ಚುವಾಗ ಕಣ್ಣೀರು ಬಂದರೆ ಕಾರಣ ಹೇಳಿ. ಈರುಳ್ಳಿಯ ಒಳಗಿನ ಕೋಶಗಳು ಒಡೆದಾಗ ಎರಡು ಪದಾರ್ಥಗಳು ಸೇರಿ ಕಣ್ಣು ಉರಿಸುವ ಅನಿಲ ಆಗುತ್ತದೆ. ಹರಿತವಾದ ಚಾಕು ಕಮ್ಮಿ ಕೋಶಗಳನ್ನು ಜಜ್ಜುತ್ತದೆ. ತಣ್ಣಗಿರುವ ಈರುಳ್ಳಿಯಲ್ಲಿ ಆ ಅನಿಲ ನಿಧಾನಕ್ಕೆ ಹುಟ್ಟುತ್ತದೆ. ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟದ್ದು ಒಂದು, ಹೊರಗಿದ್ದದ್ದು ಒಂದು ಕೊಟ್ಟು ಮಗುವೇ ಪರೀಕ್ಷಿಸಲಿ.

ಒಲೆ

ಒಲೆ ಹಚ್ಚುವ ಮೊದಲು ಆರಿಸುವುದನ್ನು ಕಲಿಸಿ. ಹತ್ತು ಸಲ ಆರಿಸಿದ ಮೇಲೆ ಹಚ್ಚಲು ಬಿಡಿ. ಪಾತ್ರೆಯ ಹಿಡಿ ಯಾವಾಗಲೂ ಕಟ್ಟೆಯ ಒಳಗಡೆಗೆ ತಿರುಗಿರಬೇಕು. ಹೊರಗೆ ಚಾಚಿದ ಹಿಡಿಗೆ ಅಂಗಿ ಸಿಕ್ಕಿಕೊಂಡರೆ ಇಡೀ ಪಾತ್ರೆ ಮೈಮೇಲೆ ಬರುತ್ತದೆ. ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ ಒಣಗಿರಲೇಬೇಕು. ಒದ್ದೆ ಬಟ್ಟೆಯ ನೀರು ಕ್ಷಣದಲ್ಲಿ ಆವಿಯಾಗಿ ಕೈ ಸುಡುತ್ತದೆ. ಮುಚ್ಚಳ ತೆಗೆಯುವಾಗ ತನ್ನ ಕಡೆಗಲ್ಲ, ಆಚೆ ಕಡೆಗೆ ಓರೆ ಮಾಡಿ ತೆಗೆಯಬೇಕು. ಮೈಕ್ರೋವೇವ್‌ನಿಂದ ಹೊರತೆಗೆದ ಪಾತ್ರೆಗೂ ಇದೇ ನಿಯಮ. ಕೆಲಸವಿಲ್ಲದ ತಮ್ಮ ತಂಗಿಯರು ಒಲೆಯಿಂದ ಮೂರು ಅಡಿ ದೂರ. ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ ಗೆರೆ ಮಾಡಿದರೆ ಬಾಯಿಮಾತಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರೆಶರ್ ಕುಕ್ಕರ್ ದೊಡ್ಡ ಮಕ್ಕಳಿಗೆ, ಅದೂ ಒತ್ತಡ ತಾನಾಗಿ ಇಳಿಯುವ ತನಕ ಮುಚ್ಚಳ ಮುಟ್ಟುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ.

ಉರಿಯ ಭಾಷೆ ಕಲಿಸುವುದು ನನಗೆ ಬಹಳ ಇಷ್ಟದ ಭಾಗ. ಒಂದು ಪಾತ್ರೆಯಲ್ಲಿ ನೀರಿಟ್ಟು ಇಬ್ಬರೂ ಸುಮ್ನೆ ನೋಡಿ. ಮೊದಲು ತಳದಲ್ಲಿ ಸಣ್ಣ ಗುಳ್ಳೆ ಅಂಟಿಕೊಳ್ಳುತ್ತವೆ. ಆಮೇಲೆ ಸುಯ್ಯೆನ್ನುವ ಸದ್ದು. ಅಂಚಿನಲ್ಲಿ ಗುಳ್ಳೆ ಮೇಲೆ ಬರಲು ಶುರು. ಕೊನೆಗೆ ಇಡೀ ನೀರು ತಳಮಳಿಸಿ ಕುದಿಯುತ್ತದೆ. ಈಗ ಉರಿ ಹೆಚ್ಚು ಮಾಡಿ, "ನೀರು ಇನ್ನೂ ಬಿಸಿ ಆಗುತ್ತಾ?" ಎಂದು ಕೇಳಿ. ಆಗುವುದಿಲ್ಲ. ಕುದಿಯುವ ನೀರು 100 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ನಿಲ್ಲುತ್ತದೆ, ಹೆಚ್ಚಿನ ಉರಿ ಬರೀ ಆವಿ ಮಾಡುತ್ತದೆ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡು ಅನ್ನುವುದಕ್ಕೆ ಕಾರಣ ಇದೇ.

ಇದರಿಂದಲೇ ಇನ್ನೊಂದು ಪಾಠ. ಆಲೂಗಡ್ಡೆ ಹೊಂಬಣ್ಣಕ್ಕೆ ತಿರುಗಿ ಗರಿಯಾಗಲು ಸುಮಾರು 140 ಡಿಗ್ರಿ ಬೇಕು. ಮೇಲೆ ನೀರಿದ್ದರೆ ಆ ನೀರು ಆರುವವರೆಗೆ 100 ದಾಟುವುದಿಲ್ಲ. ಒದ್ದೆ ಹೋಳು ಬಾಣಲೆಗೆ ಹಾಕಿದರೆ ಬೇಯುತ್ತದೆ, ಹುರಿಯುವುದಿಲ್ಲ. ಬಾಣಲೆ ತುಂಬಾ ತುರುಕಿದರೂ ಹಾಗೇ. ಒಂದು ಸಲ ಒರೆಸಿದ ಹೋಳು, ಒಂದು ಸಲ ಒದ್ದೆ ಹೋಳು ಹುರಿದು ತೋರಿಸಿ. ನನ್ನ ಮಗ ಅಂದಿನಿಂದ ಯಾರೂ ಹೇಳದೆಯೇ ತರಕಾರಿ ಒರೆಸುತ್ತಾನೆ. ಕಾರಣ ಗೊತ್ತಾದ ಕೆಲಸವನ್ನು ಮಕ್ಕಳು ಮರೆಯುವುದು ಕಮ್ಮಿ.

ಸುಟ್ಟರೆ, ಬೆಂಕಿ ಹತ್ತಿದರೆ

ಇದನ್ನು ಅಪಾಯ ಆದ ಮೇಲೆ ಹೇಳಿ ಪ್ರಯೋಜನ ಇಲ್ಲ. ಮೊದಲ ದಿನವೇ ಹೇಳಿ.

ಕೈ ಸುಟ್ಟರೆ ಕೂಡಲೇ ನಲ್ಲಿಯ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. 20 ನಿಮಿಷ. ಗಡಿಯಾರ ನೋಡಿ, ಏಕೆಂದರೆ ಎರಡು ನಿಮಿಷವೇ ತುಂಬಾ ಹೊತ್ತು ಅನ್ನಿಸುತ್ತದೆ. ಐಸ್ ಇಡಬೇಡಿ. ಬೆಣ್ಣೆ, ಎಣ್ಣೆ, ಟೂತ್‌ಪೇಸ್ಟ್ ಹಚ್ಚಬೇಡಿ. ಬಳೆ, ಉಂಗುರ, ವಾಚ್ ಇದ್ದರೆ ಊದಿಕೊಳ್ಳುವ ಮೊದಲೇ ತೆಗೆಯಿರಿ. ಬೊಬ್ಬೆ ಎದ್ದರೆ ಒಡೆಯಬೇಡಿ. ಸುಟ್ಟ ಜಾಗ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಮುಖ, ಕೈ, ಪಾದಗಳಲ್ಲಿ ಬೊಬ್ಬೆ ಎದ್ದಿದ್ದರೆ ತಣ್ಣೀರು ಹಾಕಿದ ಮೇಲೆ ವೈದ್ಯರ ಹತ್ತಿರ ಹೋಗಿ.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿದು ಒಮ್ಮೆಲೇ ಆವಿಯಾಗುತ್ತದೆ. ಆವಿಯಾದಾಗ ಅದು ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಚಾವಣಿವರೆಗೆ ಎರಚುತ್ತದೆ. ದೊಡ್ಡವರು ಮಾಡಬೇಕಾದ್ದು: ಒಲೆ ಆರಿಸಿ, ಬಾಣಲೆಯನ್ನು ಅಲುಗಿಸದೆ ಲೋಹದ ಮುಚ್ಚಳ ಮುಚ್ಚಿ, ಪೂರ್ತಿ ಆರುವ ತನಕ ತೆಗೆಯದೆ ಬಿಡಿ. ಮಗು ಮಾಡಬೇಕಾದ್ದು ಒಂದೇ, ಅಡುಗೆಮನೆಯಿಂದ ಆಚೆ ಹೋಗಿ ಕೂಗುವುದು. ಎಣ್ಣೆ ಬಿಸಿಗಿಟ್ಟಾಗ ಮುಚ್ಚಳವೂ ಪಕ್ಕದಲ್ಲೇ ಇರುವುದು ನಮ್ಮ ಮನೆಯ ನಿಯಮ. ಎಣ್ಣೆ ಹೊಗೆಯಾಡಿದರೆ ಅತಿಯಾಗಿ ಕಾದಿದೆ ಎಂದರ್ಥ. ಒಲೆ ಆರಿಸಿ ಕಾಯಬೇಕು.

ಮೊದಲ ಮೂರು ಅಡುಗೆ

ಮೊಟ್ಟೆ ತಿನ್ನುವ ಮನೆಯಾದರೆ ಬೇಯಿಸಿದ ಮೊಟ್ಟೆಯಿಂದ ಶುರು ಮಾಡಿ. ಪಾತ್ರೆಯಲ್ಲಿ ಮೊಟ್ಟೆ ಇಟ್ಟು, ಮುಳುಗಿ ಒಂದು ಬೆರಳು ಮೇಲೆ ಬರುವಷ್ಟು ತಣ್ಣೀರು. ಒಲೆ ಹಚ್ಚಿ ಕುದಿ ಬರಲಿ. ಆಮೇಲೆ ಉರಿ ಸಣ್ಣ ಮಾಡಿ 10 ನಿಮಿಷ. ಒಲೆ ಆರಿಸಿ, ಸೌಟಿನಲ್ಲಿ ಎತ್ತಿ ತಣ್ಣೀರಿಗೆ. ತುಂಬಾ ಹೊತ್ತು ಬೇಯಿಸಿದರೆ ಹಳದಿಯ ಸುತ್ತ ಹಸಿರು ಬಳೆ ಮೂಡುತ್ತದೆ. ಬಿಳಿಯಲ್ಲಿರುವ ಗಂಧಕವೂ ಹಳದಿಯಲ್ಲಿರುವ ಕಬ್ಬಿಣವೂ ಸೇರಿ ಆ ಬಣ್ಣ ಬರುವುದು. ತಿನ್ನಲು ತೊಂದರೆ ಇಲ್ಲ, ಆದರೆ ಮಗುವಿಗೆ ತನ್ನ ಟೈಮರ್ ತಪ್ಪಿದ್ದು ಕಣ್ಣಿಗೆ ಕಾಣುತ್ತದೆ. ಮೊಟ್ಟೆ ಬೇಡದವರು ಆಲೂಗಡ್ಡೆ ಬೇಯಿಸಿ. ಚಾಕು ತುದಿ ಚುಚ್ಚಿದಾಗ ತಡೆಯಿಲ್ಲದೆ ಒಳಗೆ ಹೋದರೆ ಬೆಂದಿದೆ.

ಎರಡನೆಯದು ಅನ್ನ. ಒಂದು ಕಪ್ ಅಕ್ಕಿ, ಎರಡು ಕಪ್ ನೀರು. ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆಯಬೇಕು. ನೀರು ಸೇರಿಸಿ, ಕುದಿ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಮುಚ್ಚಿ. 15 ನಿಮಿಷ. ಒಲೆ ಆರಿಸಿ ಮುಚ್ಚಿದ ಹಾಗೇ ಇನ್ನೂ 10 ನಿಮಿಷ. ಇಲ್ಲಿ ಕಷ್ಟ ಏನೆಂದರೆ ಮುಚ್ಚಳ ತೆಗೆಯದೆ ಇರುವುದು. ಪ್ರತಿ ಸಲ ತೆಗೆದಾಗಲೂ ಅನ್ನ ಬೇಯಬೇಕಾದ ಆವಿ ಹೊರಗೆ ಹೋಗುತ್ತದೆ. ಅಕ್ಕಿಯ ಜಾತಿ ನೋಡಿ ನೀರು ಹೆಚ್ಚುಕಡಿಮೆ ಬೇಕಾಗುತ್ತದೆ. ಅದನ್ನು ನೀವು ಹೇಳಬೇಡಿ. ಮೊದಲ ವಾರ ಮುದ್ದೆಯಾಯಿತಾ? "ಮುಂದಿನ ಸಲ ಏನು ಬದಲಿಸೋಣ?" ಎಂದು ಕೇಳಿ. ನನ್ನ ಮಗ ಮೂರು ವಾರ ಕಾಲು ಕಾಲು ಕಪ್ ನೀರು ಕಮ್ಮಿ ಮಾಡುತ್ತಾ ಹೋಗಿ ತನ್ನ ಅಳತೆ ತಾನೇ ಕಂಡುಕೊಂಡ. ಶಾಲೆಯಲ್ಲಿ ಭಿನ್ನರಾಶಿಗೆ ಹೆದರುತ್ತಿದ್ದ ಹುಡುಗ ಅವನು.

ಮೂರನೆಯದು ಟೊಮೆಟೊ ಸೂಪ್. ಹೆಚ್ಚುವುದು, ಈರುಳ್ಳಿ ಹುರಿಯುವುದು, ಬೇಯಿಸುವುದು, ಸೋಸುವುದು, ಉಪ್ಪು ಹುಳಿ ಹೊಂದಿಸುವುದು ಎಲ್ಲವೂ ಇದರಲ್ಲಿ ಇದೆ. ಬಿಸಿ ಸೂಪನ್ನು ಮಿಕ್ಸಿಗೆ ಹಾಕಿ ಬಿಗಿಯಾಗಿ ಮುಚ್ಚಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರುತ್ತದೆ. ಆರಿದ ಮೇಲೆ ರುಬ್ಬಬೇಕು, ಇಲ್ಲವೇ ಸೌಟಿನಲ್ಲಿ ಹಿಸುಕಿ ಸೋಸಬೇಕು. ಮಗುವಿಗೆ ಎರಡನೆಯದೇ ಒಳ್ಳೆಯದು.

ನಾಲಿಗೆಗೆ ಪಾಠ

ಚಾಕು ಹಿಡಿಯುವುದನ್ನು ಯಾರು ಬೇಕಾದರೂ ಕಲಿಸಬಹುದು. ರುಚಿ ನೋಡಿ ತೀರ್ಮಾನ ಮಾಡುವುದನ್ನು ಮನೆಯಲ್ಲಿ, ದಿನದಿನವೂ ಕಲಿಯಬೇಕು. ನಾವು ಇದನ್ನೇ ಮರೆಯುತ್ತೇವೆ. "ಉಪ್ಪು ಎಷ್ಟು ಹಾಕಲಿ?" ಎಂದು ಮಗು ಕೇಳಿದರೆ "ಅರ್ಧ ಚಮಚ" ಅನ್ನುತ್ತೇವೆ. ಅಲ್ಲಿಗೆ ಕಲಿಕೆ ಮುಗಿಯಿತು.

ಒಂದು ಆಟದಿಂದ ಶುರು ಮಾಡಿ. ಒಂದು ಜಗ್ ನೀರಿಗೆ ನಿಂಬೆರಸ ಹಿಂಡಿ ನಾಲ್ಕು ಲೋಟಕ್ಕೆ ಹಾಕಿ. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ ಸಕ್ಕರೆ. ಮೂರನೆಯದಕ್ಕೆ ಒಂದು ಚಿಟಿಕೆ ಉಪ್ಪು. ನಾಲ್ಕನೆಯದಕ್ಕೆ ಎರಡೂ. ಒಂದೊಂದೇ ಗುಟುಕು ಕುಡಿದು ಮಗು ತನ್ನ ಮಾತಿನಲ್ಲೇ ವ್ಯತ್ಯಾಸ ಹೇಳಲಿ. ಉಪ್ಪು ಬರೀ ಉಪ್ಪಾಗಿಸುವುದಿಲ್ಲ, ನಿಂಬೆಯ ಒಗರು ಕಹಿಯನ್ನು ಅಡಗಿಸುತ್ತದೆ ಎಂಬುದು ನಾಲಿಗೆಗೇ ಗೊತ್ತಾಗುತ್ತದೆ. ಮಗಳು ಮೂರನೇ ಲೋಟ ಕುಡಿದು "ಇದರಲ್ಲಿ ನಿಂಬೆ ದುಂಡಗಾಗಿದೆ" ಅಂದಳು. ಅಷ್ಟು ಸರಿಯಾದ ಮಾತು ನನಗೆ ಹೊಳೆದಿರಲಿಲ್ಲ.

ಆಮೇಲೆ ಅಡುಗೆಯಲ್ಲಿ ಮೂರು ಹಂತದಲ್ಲಿ ರುಚಿ ನೋಡಿಸಿ: ಉಪ್ಪು ಹಾಕುವ ಮೊದಲು, ಸ್ವಲ್ಪ ಹಾಕಿದ ಮೇಲೆ, ಕೊನೆಗೆ ಇಳಿಸುವ ಮುಂಚೆ. ಪ್ರತಿ ಸಲ ಹೊಸ ಚಮಚ, ಊದಿ ಆರಿಸಿ. "ಏನು ಕಮ್ಮಿ?" ಎಂದು ಮಾತ್ರ ಕೇಳಿ. ಸಪ್ಪೆ ಅಂದರೆ ಉಪ್ಪು. ಉಪ್ಪು ಸರಿಯಿದ್ದೂ ಮಂಕಾಗಿದೆ ಅನ್ನಿಸಿದರೆ ಎರಡು ಹನಿ ನಿಂಬೆರಸ. ಹುಳಿ ಜಾಸ್ತಿಯಾದರೆ ಚಿಟಿಕೆ ಸಕ್ಕರೆ. ಉಪ್ಪು ಜಾಸ್ತಿಯಾದರೆ ನೀರು, ಟೊಮೆಟೊ ಸೇರಿಸಿ ಅಡುಗೆಯನ್ನೇ ಹಿಗ್ಗಿಸಬೇಕು. ಆಲೂಗಡ್ಡೆ ಹಾಕಿದರೆ ಉಪ್ಪನ್ನು ಹೀರುತ್ತದೆ ಅನ್ನುತ್ತಾರೆ. ಅದು ಹೀರುವುದು ಉಪ್ಪುನೀರನ್ನು, ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ.

ಉಪ್ಪಿನ ಅಳತೆಯೂ ಮಗುವಿಗೆ ಗೊತ್ತಿರಲಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಮ್‌ಗಿಂತ ಕಡಿಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚಕ್ಕೂ ಕೊಂಚ ಕಮ್ಮಿ. ಅಷ್ಟು ಉಪ್ಪನ್ನು ತಟ್ಟೆಯಲ್ಲಿ ಹಾಕಿ ತೋರಿಸಿದರೆ ಮಕ್ಕಳಿಗೆ ಆಶ್ಚರ್ಯವಾಗುತ್ತದೆ.

ತರಕಾರಿ ಬೇಡ ಎಂದು ಹಠ ಮಾಡುವ ಮಕ್ಕಳ ವಿಷಯ. ಹೊಸ ರುಚಿ ಒಗ್ಗಲು ಕೆಲವು ಮಕ್ಕಳಿಗೆ ಹತ್ತು ಹದಿನೈದು ಸಲ ರುಚಿ ನೋಡಬೇಕಾಗುತ್ತದೆ. ಅಡುಗೆ ಮಾಡುವ ಮಗು ಆ ತರಕಾರಿಯನ್ನು ತೊಳೆಯುತ್ತದೆ, ಮೂಸುತ್ತದೆ, ಬೆಂದಿದೆಯಾ ಎಂದು ಒಂದು ಹೋಳು ಬಾಯಿಗೆ ಹಾಕುತ್ತದೆ. ಒತ್ತಾಯ ಮಾಡದೆಯೇ ಆ ಲೆಕ್ಕ ತುಂಬುತ್ತಾ ಬರುತ್ತದೆ.

ಹೊಟ್ಟೆ ಕೆಡದಂತೆ

ಹಸಿ ಮಾಂಸ, ಮೀನು ಮುಟ್ಟಿದ ಹಲಗೆ ಚಾಕುವನ್ನು ತೊಳೆಯದೆ ಬೇರೆಯದಕ್ಕೆ ಬಳಸಬಾರದು. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವುದೂ ಬೇಡ, ನೀರಿನ ಹನಿಗಳ ಜೊತೆ ರೋಗಾಣು ಸಿಂಕಿನ ಸುತ್ತ ಹರಡುತ್ತವೆ. ಚೆನ್ನಾಗಿ ಬೆಂದರೆ ಅವು ಸಾಯುತ್ತವೆ. ಹಸಿ ಹಿಟ್ಟು, ಹಸಿ ಮೊಟ್ಟೆ ಸೇರಿದ ಮಿಶ್ರಣವನ್ನು ನೆಕ್ಕಬಾರದು. ಮೊಟ್ಟೆ ಒಡೆದ ಮೇಲೆ ಕೈ ತೊಳೆಯಬೇಕು.

ಉಳಿದ ಅಡುಗೆ ಎರಡು ಗಂಟೆಯೊಳಗೆ ಫ್ರಿಜ್‌ಗೆ. ಅನ್ನದಲ್ಲಂತೂ ಇದು ಮುಖ್ಯ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗೆ ಹೊರಗೇ ಇಟ್ಟರೆ ಮತ್ತೆ ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಕೆಟ್ಟಾಗ

ಮಗ ಒಂದು ದಿನ ಆಲೂಗಡ್ಡೆ ಹುರಿಯಲು ಇಟ್ಟು ಪಕ್ಕದ ಕೋಣೆಗೆ ಹೋದ. ವಾಸನೆ ಬಂದಾಗ ತಳ ಹಿಡಿದು ಅರ್ಧ ಸೀದಿತ್ತು. ನಾನು ಅಲ್ಲೇ ಕೂತಿದ್ದೆ, ಸದ್ದು ಬದಲಾದದ್ದು ನನಗೆ ಕೇಳಿಸಿತ್ತು. ಅಪಾಯ ಇಲ್ಲ ಎಂದು ಗೊತ್ತಿದ್ದರಿಂದ ಬೇಕಂತಲೇ ಸುಮ್ಮನಿದ್ದೆ. ಅವನು ಅಳುಮುಖ ಮಾಡಿಕೊಂಡು ಬಂದ. ನಾನು ಕೇಳಿದ್ದು ಎರಡೇ ಪ್ರಶ್ನೆ. "ಒಲೆ ಆರಿಸಿದೆಯಾ? ಇದರಲ್ಲಿ ತಿನ್ನೋಕೆ ಆಗೋದು ಎಷ್ಟಿದೆ?" ಮೇಲಿನ ಹೋಳು ಆರಿಸಿ ತೆಗೆದೆವು. ಎಲ್ಲರೂ ನಾಲ್ಕು ನಾಲ್ಕು ಹೋಳು ತಿಂದೆವು. ಬಾಣಲೆಗೆ ನೀರು ಹಾಕಿ ಕುದಿಸಿ, ಸೀದದ್ದನ್ನು ಅವನೇ ಉಜ್ಜಿದ.

ಅಪಾಯವಾದರೆ ತಕ್ಷಣ ತಡೆಯಿರಿ. ಅಡುಗೆ ಮಾತ್ರ ಕೆಡುತ್ತಿದ್ದರೆ ಕೆಡಲಿ. ಈ ಎರಡರ ನಡುವಿನ ಗೆರೆ ನಿಮ್ಮ ಮನಸ್ಸಿನಲ್ಲಿ ಸ್ಪಷ್ಟ ಇರಬೇಕು. ನನಗೆ ಕೈ ಕಟ್ಟಿ ಕೂರುವುದು ಕಷ್ಟವಾದ್ದರಿಂದ ಮಕ್ಕಳು ಅಡುಗೆ ಮಾಡುವಾಗ ಕೈಯಲ್ಲಿ ಬಟ್ಟೆ ಮಡಚುವ ಕೆಲಸ ಇಟ್ಟುಕೊಳ್ಳುತ್ತೇನೆ. ಕಣ್ಣು ಅವರ ಮೇಲೆ, ಕೈ ಬಟ್ಟೆಯ ಮೇಲೆ. ಮತ್ತೆ, ಮಗು ಮಾಡಿದ್ದು ಚೆನ್ನಾಗಿಲ್ಲದಿದ್ದರೆ ಚೆನ್ನಾಗಿದೆ ಎಂದು ಸುಳ್ಳು ಹೇಳಬೇಡಿ. ಅವರೂ ಅದನ್ನೇ ತಿನ್ನುತ್ತಿರುತ್ತಾರೆ, ಅವರಿಗೂ ಗೊತ್ತಿರುತ್ತದೆ. "ಉಪ್ಪು ಸ್ವಲ್ಪ ಮುಂದಾಗಿದೆ, ಈರುಳ್ಳಿ ಮಾತ್ರ ಸರಿಯಾಗಿ ಹುರಿದಿದೀಯ" ಎಂದು ಇದ್ದದ್ದು ಹೇಳಿ.

ಪಾತ್ರೆ ತೊಳೆದು, ಕಟ್ಟೆ ಒರೆಸಿದ ಮೇಲೆಯೇ ಅಡುಗೆ ಮುಗಿದಂತೆ. ಬೇಯುವ ಹೊತ್ತಿನಲ್ಲೇ ಹಲಗೆ ಚಾಕು ತೊಳೆದಿಡುವ ಅಭ್ಯಾಸ ಮಾಡಿಸಿದರೆ ಕೊನೆಗೆ ರಾಶಿ ಬೀಳುವುದಿಲ್ಲ. ಹುಡುಗನಿಗೂ ಹುಡುಗಿಗೂ ಒಂದೇ ಲೆಕ್ಕ.

ವಾರದಲ್ಲಿ ಒಂದು ಊಟ

ಮೂರು ಅಡುಗೆ ಕೈಗೆ ಬಂದ ಮೇಲೆ ವಾರದ ಒಂದು ಊಟವನ್ನು ಮಗುವಿಗೆ ಬಿಟ್ಟುಕೊಡಿ. ಏನು ಮಾಡುವುದು, ಮನೆಯಲ್ಲಿ ಏನಿದೆ, ಏನು ತರಬೇಕು ಎಂಬ ಪಟ್ಟಿಯನ್ನೂ ಅವರೇ ಬರೆಯಲಿ. ನಾಲ್ಕು ಜನಕ್ಕಿರುವ ಅಳತೆಯನ್ನು ಮೂರು ಜನಕ್ಕೆ ಇಳಿಸುವ ಲೆಕ್ಕವೂ ಅವರದೇ. ಒಂದು ಸಣ್ಣ ನೋಟ್‌ಬುಕ್ ಕೊಡಿ. ಅಡುಗೆ ಮಾಡುವ ಮೊದಲು ನೋಡಿ ಬರೆದುಕೊಳ್ಳುವುದಕ್ಕಲ್ಲ, ನಾಲ್ಕನೇ ಸಲ ಮಾಡಿದ ಮೇಲೆ ತಮ್ಮ ಮಾತಿನಲ್ಲಿ ಬರೆಯುವುದಕ್ಕೆ. ಕಾಗುಣಿತ ತಿದ್ದಬೇಡಿ.

ಮಗನ ಪುಸ್ತಕದಲ್ಲಿ ಅನ್ನದ ಪುಟದಲ್ಲಿ "ಮುಚ್ಚಳ ತೆಗೀಬೇಡ" ಎಂದು ಮೂರು ಕಡೆ ಇದೆ. ಮಗಳ ಪುಸ್ತಕದ ಮೊದಲ ಪುಟ ಟೊಮೆಟೊ ಸೂಪ್. ಕೆಳಗೆ ಬೇರೆ ಬಣ್ಣದ ಪೆನ್ನಿನಲ್ಲಿ ಒಂದು ಸಾಲು ಬರೆದುಕೊಂಡಿದ್ದಾಳೆ: "ಈರುಳ್ಳಿಗೆ ಮೊದಲೇ ಸ್ವಲ್ಪ ಉಪ್ಪು ಹಾಕಿದರೆ ಬೇಗ ಮೆತ್ತಗಾಗುತ್ತೆ." ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.